ಹಳಿಗೊಂದು ದಾರಿ, ಪಾಯಿಂಟಿಗೊಂದು ದಾರಿ

ಹಾಸನದ ಒಂದು ಮನೆಯ ಮಹಡಿಯಲ್ಲಿ ಸಕಲೇಶಪುರ ರೈಲ್ವೆ ಯಾರ್ಡಿನ, ಪುಟ್ಟ ರೈಲು ಓಡುವ ಮಾದರಿ ಇದೆ. ಎಚ್‌ಒ ಎಂಬ ಮಾದರಿ-ರೈಲಿನ ಅಳತೆ, ಹಳಿಗಳ ನಡುವೆ 16.5 ಮಿ.ಮೀ., ಡಿಸಿಸಿ ನಿಯಂತ್ರಣ (ಕರೆಂಟೂ ಡಿಜಿಟಲ್ ಆದೇಶವೂ ಒಂದೇ ತಂತಿಯಲ್ಲಿ), ಅವೆರಡನ್ನೂ ಹಳಿಗೆ ಕಳಿಸುವ 5 ಆಂಪಿಯರ್ ಬೂಸ್ಟರ್. ಮಳೆಗಾಲದ ಒಂದು ಭಾನುವಾರ ಅಲ್ಲಿ ಪಾಯಿಂಟ್‌ಗಳ (ರೈಲನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗಿಸುವ ಹಳಿಕವಲುಗಳ) ವೈರಿಂಗ್ ಬದಲಿಸುವ ಕೆಲಸವಿತ್ತು. ದೂರು ಒಂದೇ. ಪಾಯಿಂಟ್ ಬೇರೆ ಲೈನಿಗೆ ತಿರುಗಿದ್ದಾಗ ಎಂಜಿನ್ ಫ್ರಾಗ್ (ಕವಲಿನಲ್ಲಿ ಎರಡು ಹಳಿ ಕೂಡುವ ಲೋಹದ ತುಂಡು) ಕಡೆಯಿಂದ ನುಗ್ಗಿದರೆ ಇಡೀ ಲೇಔಟ್ ಸ್ತಬ್ಧ. ಪಾಯಿಂಟ್ ತಿರುಗಿಸಿ ಬಿಡಿಸೋಣವೆಂದರೆ ಅದೂ ಜಪ್ಪಯ್ಯ ಅನ್ನದು. “ಎಂಜಿನ್ನನ್ನ ಕೈಯಲ್ಲೇ ಹಿಂದಕ್ಕೆ ತಳ್ಳಬೇಕು ಸಾರ್, ಬೇರೆ ದಾರಿಯೇ ಇಲ್ಲ” ಎಂದರು ಮನೆಯವರು.

ಕಾರಣ ಹಲಗೆಯ ಅಡಿಯಲ್ಲೇ ಕಾಣುತ್ತಿತ್ತು. ಆದೇಶ ಓದಿ ಪಾಯಿಂಟ್ ತಿರುಗಿಸುವ ಡಿಕೋಡರ್‌ಗಳೆಲ್ಲ ಹಳಿಗೆ ಕರೆಂಟ್ ಒಯ್ಯುವ ಮುಖ್ಯ (ಬಸ್) ತಂತಿಗೇ ಜೋತುಬಿದ್ದಿದ್ದವು. ಲೋಹದ ಚಕ್ರ ಫ್ರಾಗನ್ನೂ ಪಕ್ಕದ ಹಳಿಯನ್ನೂ ಒಟ್ಟಿಗೆ ಮುಟ್ಟಿದ ತಕ್ಷಣ ಶಾರ್ಟ್. ಬೂಸ್ಟರ್ ಕಣ್ಣು ಮುಚ್ಚುತ್ತದೆ. ಬೂಸ್ಟರ್ ಮಲಗಿದ ಮೇಲೆ ಡಿಕೋಡರಿಗೆ ಕರೆಂಟೂ ಇಲ್ಲ, ಆದೇಶವೂ ಇಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ: ಡಿಕೋಡರಿಗೆ ಬೇರೆ ಅಡಾಪ್ಟರ್ ಕೊಟ್ಟುಬಿಟ್ಟರೆ ಮುಗಿಯಿತು ಅಂದುಕೊಳ್ಳುತ್ತಾರೆ. ಕರೆಂಟ್ ಬೇರೆ ಕಡೆಯಿಂದ ಬಂದರೂ ಆದೇಶ ಹಳಿಯ ತಂತಿಯಲ್ಲೇ ಬರಬೇಕಲ್ಲ! ಎರಡನ್ನೂ ಬಿಡಿಸಬೇಕು. ನಿಜವಾದ ರೈಲ್ವೆಯಲ್ಲೂ ಮೇಲಿನ ತಂತಿಯ 25 ಸಾವಿರ ವೋಲ್ಟ್ ಎಂಜಿನ್ನಿಗೆ; ಪಾಯಿಂಟ್ ಮಷೀನಿಗೆ ಬೇರೆಯೇ 110 ವೋಲ್ಟ್ ಡಿಸಿ.

ಬೂಸ್ಟರಿನಿಂದ ಎರಡು ಜೋಡಿ ತಂತಿ ಹೊರಡಿಸಿದೆವು. ಮನೆ ವೈರಿಂಗಿನ 2.5 ಚದರ ಮಿ.ಮೀ. ತಂತಿ ಸಾಕು. ಕೆಂಪು-ಕಪ್ಪು ಹಳಿಗೆ, ಹಳದಿ-ನೀಲಿ ಪಾಯಿಂಟಿಗೆ. (ಹಸಿರು ಬೇಡ, ನಮ್ಮಲ್ಲಿ ಅದು ಅರ್ತಿಂಗ್.) ಹಳಿಯ ಜೋಡಿಯ ಮಧ್ಯೆ 3 ಆಂಪಿಯರಿಗೆ ಟ್ರಿಪ್ ಆಗುವ ಡಿಸಿಸಿ ಬ್ರೇಕರ್ ಬಂತು. ಹಳದಿ-ನೀಲಿ ಜೋಡಿ ಬ್ರೇಕರಿಗೂ ಮುಂಚೆಯೇ ಕವಲೊಡೆಯಬೇಕು, ಇಡೀ ಉಪಾಯ ನಿಂತಿರುವುದು ಅಷ್ಟರ ಮೇಲೆ. ಬ್ರೇಕರ್ ಬೂಸ್ಟರಿಗಿಂತ ಚುರುಕಾಗಿಯೂ ಇರಬೇಕು. ಮಂದವಾದರೆ ಬೂಸ್ಟರೇ ಮೊದಲು ಬೀಳುತ್ತದೆ, ಖರ್ಚು ದಂಡ.

ಬ್ರೇಕರ್ ದುಬಾರಿ ಎನ್ನುವವರಿಗೆ ಹಳೇ ಉಪಾಯವೊಂದಿದೆ. ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಕಾರಿನ ಇಂಡಿಕೇಟರ್ ಬಲ್ಬ್ ಕೇಳಿ: 12 ವೋಲ್ಟ್, 21 ವಾಟ್, ಒಂದೇ ಫಿಲಮೆಂಟಿನದು. ಅದನ್ನು ಹಳಿಯ ಒಂದು ತಂತಿಯಲ್ಲಿ ಸರಣಿಯಾಗಿ ಸೇರಿಸಿದರೆ, ಶಾರ್ಟ್ ಆದಾಗ ಬಲ್ಬ್ ಉರಿದು ಕರೆಂಟನ್ನು ಸುಮಾರು 2 ಆಂಪಿಯರಿಗೆ ತಡೆಯುತ್ತದೆ. ಬೂಸ್ಟರ್ ಎದ್ದೇ ಇರುತ್ತದೆ. ಆದರೆ ಬಲ್ಬ್ ಕೈ ಸುಡುವಷ್ಟು ಕಾಯುತ್ತದೆ, ಪ್ಲೈವುಡ್ಡಿಗೆ ತಾಗಿಸಬೇಡಿ. ಒಂದೇ ವಿಭಾಗದಲ್ಲಿ ಮೂರ್ನಾಲ್ಕು ಎಂಜಿನ್ ಓಡಿಸಿದರೆ ವೋಲ್ಟೇಜೂ ಇಳಿಯುತ್ತದೆ. ನನ್ನ ಓಟು ಬ್ರೇಕರಿಗೇ.

ಇನ್ನು ಪಾಯಿಂಟ್ ತಿರುಗಿಸುವ ಮೋಟಾರು. ಇಲ್ಲಿ ಎರಡೂ ಜಾತಿಯವಿದ್ದವು. ನಿಧಾನವಾಗಿ ತಿರುಗುವ ಮೋಟಾರ್ ತುದಿ ಮುಟ್ಟಿ ನಿಂತಾಗಲೂ ಎಳೆಯುವುದು 15-20 ಮಿಲಿಆಂಪಿಯರ್ ಅಷ್ಟೇ. ಹಳದಿ-ನೀಲಿ ಜೋಡಿಯಿಂದಲೇ ಬದುಕುತ್ತದೆ, ಡಿಕೋಡರಿನ ಔಟ್‌ಪುಟ್ ಸದಾ ಆನ್ ಇರಬೇಕು. ಕಾಯಿಲ್ ಬಲದಿಂದ ಥಟ್ಟನೆ ಎಳೆಯುವ ಸೊಲೆನಾಯ್ಡ್ ಹಾಗಲ್ಲ. ಕ್ಷಣಮಾತ್ರ, ಆದರೆ 3-4 ಆಂಪಿಯರ್ ಬೇಡುತ್ತದೆ. ಅದಕ್ಕೆ ಕೆಪಾಸಿಟರ್ ತುಂಬಿಟ್ಟುಕೊಂಡು ಒಮ್ಮೆಲೇ ಸುರಿಯುವ ಸಿಡಿಯು (ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್) ಬೇಕು. 16 ವೋಲ್ಟ್ ಎಸಿ ರೆಕ್ಟಿಫೈ ಆಗಿ ಡಿಸಿಯಾದಾಗ 22 ವೋಲ್ಟ್ ದಾಟುವುದರಿಂದ 4700 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 35 ವೋಲ್ಟಿನದೇ ತನ್ನಿ. 25ರದ್ದು ತೀರಾ ಅಂಚಿನಲ್ಲಿರುತ್ತದೆ. ಡಿಕೋಡರನ್ನು ಪಲ್ಸ್‌ಗೆ ಹೊಂದಿಸಿ. ‘ಸದಾ ಆನ್’ ಎಂದೇ ಉಳಿದರೆ ಸಿಡಿಯು ಮತ್ತೆ ತುಂಬಿಕೊಳ್ಳದು, ಸಿಡಿಯು ಇಲ್ಲದಿದ್ದರೆ ಕಾಯಿಲ್ ಸುಟ್ಟ ವಾಸನೆ ಕೆಳಗಿನ ಅಡುಗೆಮನೆಗೂ ಹೋಗುತ್ತದೆ.

ಕೊನೆಗೆ ನಾಣ್ಯದ ಪರೀಕ್ಷೆ. ಬೂಸ್ಟರಿನಿಂದ ಅತಿ ದೂರದ ಹಳಿಯ ಮೇಲೆ ಒಂದು ರೂಪಾಯಿ ಅಡ್ಡ ಇಡಬೇಕು. ಬ್ರೇಕರ್ ತಟ್ಟನೆ ಬೀಳದಿದ್ದರೆ ತಂತಿ ತೆಳುವಾಗಿದೆ ಅಥವಾ ಹಳಿತುಂಡುಗಳನ್ನು ಜೋಡಿಸುವ ಫಿಶ್‌ಪ್ಲೇಟ್ ಸಡಿಲವಿದೆ; ಮಲೆನಾಡ ಅಂಚಿನ ತೇವಕ್ಕೆ ಎರಡನೆಯದೇ ಹೆಚ್ಚು. ಫಿಶ್‌ಪ್ಲೇಟನ್ನೇ ನಂಬದೆ ಪ್ರತಿ ಹಳಿತುಂಡಿಗೂ ಮುಖ್ಯ ತಂತಿಯಿಂದ ಬರುವ ಫೀಡರ್ ತಂತಿ ಬೆಸುಗೆ ಹಾಕುವುದೇ ಮದ್ದು. ನಾಣ್ಯ ಇಟ್ಟಿರುವಾಗಲೇ ಪಾಯಿಂಟ್ ತಿರುಗಿಸಿ ನೋಡಿದೆವು, ‘ಟಕ್’ ಎಂದಿತು.

ಸಂಜೆ ಕರೆಂಟ್ ಹೋಗಿ ಬಂದಾಗ ಮಾತ್ರ ಬೂಸ್ಟರ್ ತೊದಲಿತು: ಸಿಡಿಯುಗಳೆಲ್ಲ ಒಟ್ಟಿಗೆ ತುಂಬಿಕೊಳ್ಳಲು ಹೊರಟಿದ್ದವು. ಅವನ್ನು ಬೂಸ್ಟರಿನಿಂದ ಕಳಚಿ ಪ್ರತ್ಯೇಕ 16 ವೋಲ್ಟ್ ಟ್ರಾನ್ಸ್‌ಫಾರ್ಮರಿಗೆ ಕೊಟ್ಟು, ಹಳದಿ-ನೀಲಿಯಲ್ಲಿ ಸೊಲೆನಾಯ್ಡ್ ಡಿಕೋಡರಿಗೆ ಆದೇಶವಷ್ಟೇ ಹೋಗುವಂತೆ ಮಾಡಿದ ಮೇಲೆ ಆ ತಕರಾರೂ ನಿಂತಿತು.