ಹಳೆ ಪಾಯಿಂಟ್ 22 ಪಿಸ್ತೂಲು ಕೊಳ್ಳುವವರಿಗೆ ಕೌಂಟರಿನ ಈ ಕಡೆಯಿಂದ

ಅಮೆರಿಕದ ಒಂದು ಶೂಟಿಂಗ್ ರೇಂಜಿನ ಕೌಂಟರಿನಲ್ಲಿ ನನ್ನ ಕೆಲಸ. ಹಳೆ ಪಾಯಿಂಟ್ 22 (ಸುಮಾರು 0.22 ಇಂಚು ದಪ್ಪದ ಸಣ್ಣ ಗುಂಡಿನ) ಪಿಸ್ತೂಲು ಹುಡುಕಿಕೊಂಡು ಬರುವ ಹೆಚ್ಚಿನವರು ಮೊದಲು ಕಂಪನಿ ಹೆಸರು ಕೇಳುತ್ತಾರೆ, ಆಮೇಲೆ ಉಕ್ಕಿನ ನೀಲಿ ಹೊಳಪು ನೋಡುತ್ತಾರೆ. ಗಾಜಿನ ಕಪಾಟಿನಲ್ಲಿ ಇಡುವುದಾದರೆ ಅಷ್ಟು ಸಾಕು. ವಾರವಾರ ಗುರಿ ಹೊಡೆಯುವ ಆಸೆಯಿದ್ದರೆ ನಾನು ಮೊದಲು ಕೇಳುವುದು ಒಂದೇ: ಇದಕ್ಕೆ ಯಾವ ತೋಟಾ ಹಾಕುತ್ತೀರಿ?

ಕೋಲ್ಟ್ ಕಂಪನಿಯ ವುಡ್ಸ್‌ಮನ್ ಪಿಸ್ತೂಲನ್ನೇ ನೋಡಿ. ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಅವರ ಮೂಲ ವಿನ್ಯಾಸ, 1915ರಿಂದ 1977ರವರೆಗೆ ತಯಾರಾಯಿತು. ಕೈಯಲ್ಲಿ ಅಷ್ಟು ಹದವಾಗಿ ಕೂರುವ ಪಿಸ್ತೂಲು ನನಗೆ ಇನ್ನೊಂದು ಸಿಕ್ಕಿಲ್ಲ. ಆದರೆ 1932ಕ್ಕೆ ಮೊದಲಿನವು ಸ್ಟ್ಯಾಂಡರ್ಡ್ ವೆಲಾಸಿಟಿ (ಸಾಮಾನ್ಯ ವೇಗದ) ತೋಟಾಕ್ಕೆಂದೇ ಮಾಡಿದವು. ಹೈ ವೆಲಾಸಿಟಿ (ಹೆಚ್ಚು ವೇಗದ) ತೋಟಾ ಹಾಕಿದರೆ ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆ ಬಡಿಯುವ ರಭಸವನ್ನು ಅವು ಬಹಳ ದಿನ ತಾಳುವುದಿಲ್ಲ. ಹಿಡಿಯ ಬೆನ್ನಿನಲ್ಲಿ ಚೌಕುಳಿ ಗೆರೆಗಳಿದ್ದರೆ ಹಳೆಯದು, ಬರೀ ಅಡ್ಡಗೆರೆಗಳಿದ್ದರೆ ನಂತರದ್ದು.

ಇನ್ನು ಚೇಂಬರ್, ಅಂದರೆ ನಳಿಕೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ. ತೋಟಾ ತುಂಬುವ ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ಖಾಲಿಯಿದೆ ಎಂದು ಕಣ್ಣಲ್ಲೂ ಬೆರಳಲ್ಲೂ ಖಾತ್ರಿ ಮಾಡಿಕೊಂಡ ಮೇಲೆ ಟಾರ್ಚ್ ಬಿಡುತ್ತೇನೆ. ಪಾಯಿಂಟ್ 22ರಲ್ಲಿ ಸಿಡಿಮದ್ದು ತೋಟಾದ ಅಂಚಿನಲ್ಲೇ ಇರುತ್ತದೆ, ಪಿನ್ನು ಹೊಡೆಯುವುದೂ ಆ ಅಂಚಿಗೆ. ತೋಟಾ ಇಲ್ಲದೆ ಟ್ರಿಗರ್ ಒತ್ತುತ್ತಾ ಹೋದರೆ ಹಲವು ಹಳೆ ಮಾದರಿಗಳಲ್ಲಿ ಆ ಏಟು ಚೇಂಬರಿನ ಬಾಯಿಗೇ ಬೀಳುತ್ತದೆ. ತೆಳುವಾದ ಮರದ ಕಡ್ಡಿ ಆಡಿಸಿದರೆ ಒಂದು ಕಡೆ ತಡೆಯುತ್ತದೆ. ಅಲ್ಲಿ ಲೋಹ ಒಳಕ್ಕೆ ಮಡಿಚಿದೆ ಎಂದರ್ಥ. ತೋಟಾ ಸರಿಯಾಗಿ ಕೂರದಿರುವುದು, ಖಾಲಿ ಕೇಸು ಸಿಕ್ಕಿಕೊಳ್ಳುವುದು ಅಲ್ಲಿಂದಲೇ ಶುರು. ಸಣ್ಣದಾದರೆ ಗನ್‌ಸ್ಮಿತ್ ಸರಿಮಾಡುತ್ತಾರೆ, ಆ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.

ಪಿಸ್ತೂಲಿನಷ್ಟೇ ಮುಖ್ಯ ಮ್ಯಾಗಜೀನ್. ಅದರ ಬಾಯಿಯ ತುಟಿ ಸ್ವಲ್ಪ ಬಾಗಿದ್ದರೂ ತೋಟಾ ಮೇಲಕ್ಕೆ ಬರುವಾಗ ಮುಗ್ಗರಿಸುತ್ತದೆ. ವುಡ್ಸ್‌ಮನ್‌ನ 1947–55ರಲ್ಲಿ ತಯಾರಾದ ಸರಣಿಗೆ ಅದರದೇ ಮ್ಯಾಗಜೀನ್ ಬೇಕು, ಹಿಂದಿನ ಮುಂದಿನ ಸರಣಿಯದು ನಡೆಯುವುದಿಲ್ಲ. ಪಾಯಿಂಟ್ 22 ಪಿಸ್ತೂಲು ಮಾಡುತ್ತಿದ್ದ ಇನ್ನೊಂದು ಹೆಸರು ಹೈ ಸ್ಟ್ಯಾಂಡರ್ಡ್, ಅದರ ಮೂಲ ಕಂಪನಿ 1984ರಲ್ಲೇ ಮುಚ್ಚಿತು. ಒಳ್ಳೆಯ ಹಳೆ ಮ್ಯಾಗಜೀನಿಗೆ ಕೈಬಿಚ್ಚಿ ಕೊಡಬೇಕು.

ಹಾಗಾಗಿ ಮೊದಲ ಸಲ ಕೊಳ್ಳುವವರಿಗೆ ನಾನು ತೋರಿಸುವುದು ರೂಗರ್ ಕಂಪನಿಯ ಸ್ಟ್ಯಾಂಡರ್ಡ್ ಮಾದರಿ. 1949ರಲ್ಲಿ 37.50 ಡಾಲರಿಗೆ ಬಂದದ್ದು. ವುಡ್ಸ್‌ಮನ್‌ನ ಚೆಲುವು ಇಲ್ಲ, ಆದರೆ ಹೈ ವೆಲಾಸಿಟಿಗೂ ಜಗ್ಗುವುದಿಲ್ಲ, ಬಿಡಿಭಾಗ ಸಿಗುತ್ತವೆ. ವುಡ್ಸ್‌ಮನ್ ಮೇಲೇ ಮನಸ್ಸಿದ್ದರೆ ಬೇಡ ಎನ್ನುವುದಿಲ್ಲ, ನನಗೂ ಅದರ ಮೇಲೆ ಪ್ರೀತಿ. ಮಾರುವವರು ಒಪ್ಪಿದರೆ ಒಂದು ಡಬ್ಬಿ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ ತಂದು, ಅದೇ ಮ್ಯಾಗಜೀನಿನಲ್ಲಿ ಪೂರ್ತಿ ಹೊಡೆದು ನೋಡಿ, ಆಮೇಲೆ ಹಣ ಕೊಡಿ.