ಎಫ್ ಕೀ ಒತ್ತಿದರೂ ಒತ್ತು ಬರುತ್ತಿರಲಿಲ್ಲ

"ತಂಗೀ, ಈ ಕರಣ ಅಂದರೆ ಯಾರು?"

ಫೋನ್ ಮಾಡಿದವರು ನಮ್ಮೂರಿನ ಅಜ್ಜ. 40 ವರ್ಷ ತಾಳಮದ್ದಲೆಯಲ್ಲಿ, ಎಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳಿದವರು. ಕರ್ಣನ ಪಾತ್ರಕ್ಕೆಂದು ಅವರು ಬರೆದಿಟ್ಟುಕೊಂಡ ಟಿಪ್ಪಣಿ ಮೂರು ನೋಟ್‌ಬುಕ್ ತುಂಬ ಇದೆ. ಅದನ್ನು ಟೈಪ್ ಮಾಡಿಕೊಡುತ್ತೇನೆ ಎಂದು ಕಳೆದ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿದ್ದೆ. ಶಿರಸಿ ಕಡೆಯ ಹಳ್ಳಿಮನೆಯಲ್ಲಿ ಕೂತು ಟೈಪಿಂಗ್ ಕೆಲಸ ಮಾಡಿಯೇ ನನ್ನ ಸಂಪಾದನೆ. ಮೊದಲ 12 ಪುಟ ಪ್ರಿಂಟ್ ತೆಗೆದು ಅವರಿಗೆ ಕೊಟ್ಟಿದ್ದೆ. ಭೂತಗನ್ನಡಿ ಹಿಡಿದು ಓದಿ ಅವರು ಕೇಳಿದ ಮೊದಲ ಪ್ರಶ್ನೆ ಇದು.

ಫೈಲ್ ತೆರೆದು ನೋಡಿದೆ. ಕೆಲವು ಕಡೆ ಕರ್ಣ ಸರಿಯಾಗಿಯೇ ಇದ್ದ. ಕೆಲವು ಕಡೆ ಕರಣ ಆಗಿದ್ದ. "ನಮ್ಮ" ಎಂಬುದು "ನಮಮ" ಆಗಿತ್ತು. "ಎಲ್ಲ" ಹೋಗಿ "ಎಲಲ". "ಚರ್ಮದ ಕವಚ" ಎಂದಿರಬೇಕಾದಲ್ಲಿ "ಚರಮದ ಕವಚ". ನಮಮ, ಎಲಲ ಕಣ್ಣಿಗೆ ಕುಟುಕುತ್ತವೆ, ಸಿಕ್ಕಿಬೀಳುತ್ತವೆ. ಕರಣ, ಚರಮ ಹಾಗಲ್ಲ. ಅವೂ ಕನ್ನಡದ ಶಬ್ದಗಳೇ. ವೇಗವಾಗಿ ಓದುವಾಗ ಕಣ್ಣು ಸುಮ್ನೆ ಜಾರಿ ಮುಂದೆ ಹೋಗುತ್ತದೆ.

ನಾನು ಟೈಪ್ ಮಾಡುವುದು ನುಡಿ ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ. ಅದರಲ್ಲಿ ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು. ಅಕ್ಕ ಎನ್ನಲು ಎ, ಕೆ, ಎಫ್, ಕೆ. ರಾಷ್ಟ್ರ ಎನ್ನಲು ಎಫ್ ಎರಡು ಸಲ. ಮಾಡುತ್ತಿದ್ದೇನೆ ಎಂದರೂ ಎರಡು ಸಲ. ಇಂಗ್ಲಿಷ್‌ನಲ್ಲಿ ಎಫ್‌ಗೆ ಅಷ್ಟು ಕೆಲಸವಿಲ್ಲ. ಕನ್ನಡದಲ್ಲಿ ಅದು ಬೆಳಗಿಂದ ಸಂಜೆಯವರೆಗೆ ದುಡಿಯುವ ಕೀ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರಿಗೆ ಇದೇ ದುಡಿಮೆ ಡಿ ಕೀ ಮೇಲೆ ಬೀಳುತ್ತದೆ.

ತಪ್ಪುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಾಗ ವಿಷಯ ಸ್ಪಷ್ಟವಾಯಿತು. ಎಲ್ಲೂ ದೀರ್ಘ ತಪ್ಪಿರಲಿಲ್ಲ. ಕಾಗುಣಿತ ತಪ್ಪಿರಲಿಲ್ಲ. ಕಾಣೆಯಾದದ್ದು ಒತ್ತು ಮಾತ್ರ. ಎಂದರೆ ಎಫ್ ಮಾತ್ರ. ಈ ಪಟ್ಟಿಯನ್ನು ಮೊದಲೇ ಮಾಡಿದ್ದರೆ ನುಡಿಯನ್ನು ತೆಗೆದು ಮತ್ತೆ ಹಾಕಿದ ಒಂದು ಸಂಜೆ ಉಳಿಯುತ್ತಿತ್ತು. ಆದ್ದರಿಂದ ನಿಮಗೂ ಹೇಳುತ್ತೇನೆ. ಕೀಬೋರ್ಡ್ ಅಕ್ಷರ ನುಂಗುತ್ತಿದೆ ಅನ್ನಿಸಿದರೆ, ಯಾವ ಅಕ್ಷರ ನುಂಗುತ್ತಿದೆ ಎಂದು ಮೊದಲು ಬರೆದುಕೊಳ್ಳಿ.

ಆಮೇಲೆ ನಾನು ಮಾಡಿದ ಪರೀಕ್ಷೆ ಬಹಳ ಸರಳ. ಕನ್ನಡ ಬಂದ್ ಮಾಡಿ, ನೋಟ್‌ಪ್ಯಾಡ್ ತೆರೆದು, ಎಣಿಸುತ್ತಾ ಎಫ್ ಅನ್ನು 100 ಸಲ ಒತ್ತಿದೆ. ನೋಟ್‌ಪ್ಯಾಡ್‌ನ ಕೆಳಗಿನ ಪಟ್ಟಿಯಲ್ಲಿ ಸಾಲು ಎಷ್ಟು, ಕಾಲಂ ಎಷ್ಟು ಎಂದು ತೋರಿಸುತ್ತದೆ. ಖಾಲಿ ಸಾಲು ಕಾಲಂ 1ರಿಂದ ಶುರು. 100 ಒತ್ತಿದ ಮೇಲೆ ಅದು 101 ಆಗಿರಬೇಕು. ನನಗೆ ಬಂದದ್ದು 84. ಹದಿನೇಳು ಎಫ್ ಎಲ್ಲೋ ಹೋಗಿದ್ದವು. ಪಕ್ಕದ ಜಿ, ಆಚೆಯ ಜೆ ಎರಡನ್ನೂ ಹೀಗೇ ಎಣಿಸಿದೆ. ಎರಡೂ 101. ನಂತರ ಹಳೆಯ ಯುಎಸ್‌ಬಿ ಕೀಬೋರ್ಡ್ ಚುಚ್ಚಿ ಅದರ ಎಫ್ ಒತ್ತಿದೆ. ಅದೂ 101. ಅಲ್ಲಿಗೆ ವಿಂಡೋಸ್ ಮೇಲಿನ, ನುಡಿ ಮೇಲಿನ ಅನುಮಾನ ಹೋಯಿತು. ಹೊರಗಿನ ಕೀಬೋರ್ಡಿನಲ್ಲೂ ಅಕ್ಷರ ತಪ್ಪಿದ್ದರೆ ಸಾಫ್ಟ್‌ವೇರ್ ಕಡೆ ಹುಡುಕಬೇಕಿತ್ತು.

ಇನ್ನೊಂದು ಸಂಗತಿ ಬೆರಳಿಗೇ ತಿಳಿಯಿತು. ಎಫ್ ಕೀಯ ಮೇಲಿನ ಎಡ ಮೂಲೆ ಒತ್ತಿದರೆ ಪ್ರತಿ ಸಲ ಅಕ್ಷರ ಬರುತ್ತಿತ್ತು. ಕೆಳಗಿನ ಬಲ ಮೂಲೆ ಒತ್ತಿದರೆ ಕೀ ಒಳಗೆ ಹೋಗುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. "ಟಕ್" ಅನ್ನಬೇಕಾದಲ್ಲಿ ಮೆತ್ತಗೆ "ಪಚ್" ಅನ್ನುತ್ತಿತ್ತು. ಒಳಗೆ ಏನೋ ಸಿಕ್ಕಿಕೊಂಡಿದೆ, ಅಲ್ವಾ?

ಹೆಚ್ಚಿನ ಲ್ಯಾಪ್‌ಟಾಪ್ ಕೀಗಳ ಒಳಗೆ ಕತ್ತರಿಯಂತೆ ಅಡ್ಡಡ್ಡ ಸೇರಿದ ಎರಡು ತೆಳು ಪ್ಲಾಸ್ಟಿಕ್ ಕಾಲು ಇರುತ್ತವೆ. ನಡುವೆ ಒಂದು ರಬ್ಬರಿನ ಬೊಗುಣಿ, ಬೋರಲು ಹಾಕಿದ ಪುಟ್ಟ ಬಟ್ಟಲಿನ ಹಾಗೆ. ಅದರ ಕೆಳಗೆ ಪ್ಲಾಸ್ಟಿಕ್ ಹಾಳೆಯ ಮೂರು ಪದರ. ಮೇಲಿನ ಮತ್ತು ಕೆಳಗಿನ ಪದರದಲ್ಲಿ ವಿದ್ಯುತ್ ಹರಿಯುವ ಗೆರೆಗಳಿವೆ. ನಡುವಿನ ಪದರದಲ್ಲಿ ಪ್ರತಿ ಕೀ ಕೆಳಗೂ ತೂತು. ಬೊಗುಣಿ ಪೂರ್ತಿ ಒತ್ತಿಕೊಂಡರೆ ಆ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನ ಗೆರೆಯನ್ನು ಮುಟ್ಟುತ್ತದೆ. ಮುಟ್ಟಿದರೆ ಅಕ್ಷರ. ಕೂದಲೆಳೆಯಷ್ಟು ಅಂತರ ಉಳಿದರೂ ಇಲ್ಲ. ಈ ಗೆರೆಗಳು ಒಂದೊಂದೂ ಹಲವು ಕೀಗಳಿಗೆ ಸೇರಿದವು. ಹಾಗಾಗಿ ನಿಮ್ಮಲ್ಲಿ ಮೂರು ನಾಲ್ಕು ಕೀಗಳು ಒಟ್ಟಿಗೆ ಸತ್ತಿದ್ದರೆ ಗೆರೆಯೇ ತುಂಡಾಗಿರಬಹುದು, ಇಲ್ಲವೇ ಒಳಗಿನ ಪಟ್ಟಿ ಕೇಬಲ್ ಸಡಿಲವಾಗಿರಬಹುದು. ಒಂದೇ ಕೀ ಆದರೆ ತೊಂದರೆ ಹೆಚ್ಚಾಗಿ ಆ ಕೀಯಲ್ಲೇ.

ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ ಚಾರ್ಜರ್ ತೆಗೆದೆ. ನನ್ನ ಮಾಡೆಲ್‌ನಲ್ಲಿ ಕೀ ಹೇಗೆ ಬಿಚ್ಚುತ್ತದೆ ಎಂದು ಮೊದಲು ವಿಡಿಯೋ ನೋಡಿಕೊಂಡೆ. ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಒಂದೇ ರೀತಿ ಇರುವುದಿಲ್ಲ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚು ತೂರಿಸಿ ನಿಧಾನವಾಗಿ ಎತ್ತಿದೆ. ಸ್ಪೇಸ್, ಎಂಟರ್, ಶಿಫ್ಟ್ ಕೀಗಳಿಗೆ ಮಾತ್ರ ಕೈ ಹಾಕಬೇಡಿ. ಅವುಗಳ ಅಡಿಯಲ್ಲಿ ಸಾಮಾನ್ಯವಾಗಿ ತಂತಿ ಇರುತ್ತದೆ, ಮತ್ತೆ ಕೂರಿಸುವುದು ಕಷ್ಟ.

ಎಫ್ ಮೇಲೆದ್ದು ಬಂತು. ಬೊಗುಣಿಯ ಬಲಕ್ಕೆ, ಬಿಳಿ ಕಾಲಿನ ಕೆಳಗೆ, ಕಂದು ಬಣ್ಣದ ಒಂದು ಎಳೆ. ಅಡಿಕೆ ಸಿಪ್ಪೆಯ ನಾರು. ಅರ್ಧ ಉಗುರಿನಷ್ಟೂ ಉದ್ದವಿಲ್ಲ. ಆಗ ನಮ್ಮಲ್ಲಿ ಅಡಿಕೆ ಸುಲಿತ ನಡೆದಿತ್ತು. ರಾತ್ರಿ ಜಗಲಿಯಲ್ಲಿ ಲೈಟ್ ಹಾಕಿ ಎಲ್ಲರೂ ಸುಲಿಯಲು ಕೂರುತ್ತಾರೆ. ಅದೇ ಬೆಳಕಿನಲ್ಲಿ, ಮಾತು ಕೇಳುತ್ತಾ, ನಾನೂ ಒಂದು ಮೂಲೆಯಲ್ಲಿ ಟೈಪ್ ಮಾಡುತ್ತಿದ್ದೆ. ಆ ಕೂಟ ಬಿಟ್ಟು ಒಳಗೆ ಒಬ್ಬಳೇ ಕೂರಲು ನನಗೆ ಮನಸ್ಸಿಲ್ಲ. ಈಗ ಏಳುವಾಗೆಲ್ಲ ಲ್ಯಾಪ್‌ಟಾಪ್ ಮುಚ್ಚಿ, ಮೇಲೊಂದು ಬಟ್ಟೆ ಹಾಕುತ್ತೇನೆ.

ಚಿಮಟದಿಂದ ನಾರು ತೆಗೆದೆ. ಇಯರ್‌ಬಡ್‌ಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಸುತ್ತ ಒರೆಸಿ, ಒಣಗಲು ಬಿಟ್ಟು ಕೀ ಕೂರಿಸಿದೆ. ಮತ್ತೆ 100 ಸಲ ಒತ್ತಿದೆ. ಕಾಲಂ 101. ಇನ್ನೊಮ್ಮೆ ಎಣಿಸಿದೆ, 101. ಪೇಟೆಯ ರಿಪೇರಿ ಅಂಗಡಿಯಲ್ಲಿ ಇಡೀ ಕೀಬೋರ್ಡೇ ಬದಲಿಸಬೇಕು ಎಂದಿದ್ದರು. ಈ ಲೆಕ್ಕ ಮಾಡದೆ ದುಡ್ಡು ಕೊಡಬೇಡಿ ಎಂದು ನಾನು ಕಾಳಜಿಯಿಂದ ಹೇಳುತ್ತಿದ್ದೇನೆ.

ಎಲ್ಲ ಕೀಗಳೂ ಒಟ್ಟಿಗೆ ಅಕ್ಷರ ನುಂಗಿದರೆ ಕಥೆ ಬೇರೆ. ಯಲ್ಲಾಪುರದಲ್ಲಿರುವ ಅಕ್ಕನ ಮಗಳಿಗೆ ಹಾಗಾಗಿತ್ತು. ಒತ್ತಿ ಹಿಡಿದರೆ ಮಾತ್ರ ಅಕ್ಷರ, ಬೇಗ ಟೈಪ್ ಮಾಡಿದರೆ ಏನೂ ಇಲ್ಲ. ಅವಳೂ ಇದೇ ಕೀಲಿಮಣೆಯವಳು. ಇದರಲ್ಲಿ ಳ, ಣ, ಮಹಾಪ್ರಾಣ, ದೀರ್ಘ ಎಲ್ಲಕ್ಕೂ ಶಿಫ್ಟ್ ಬೇಕು. ಬಲಗಡೆಯ ಶಿಫ್ಟ್ ಹಿಡಿದುಕೊಂಡೇ ಮುಂದಿನ ಶಬ್ದ ಯೋಚಿಸುತ್ತಾ ಕೂತಿದ್ದಾಳೆ. ಅದನ್ನು 8 ಸೆಕೆಂಡ್ ಹಿಡಿದರೆ ವಿಂಡೋಸ್ ಫಿಲ್ಟರ್ ಕೀಸ್ ಆನ್ ಮಾಡಲೇ ಎಂದು ಕೇಳುತ್ತದೆ. ಕೀಯನ್ನು ಕ್ಷಣಮಾತ್ರ ಮುಟ್ಟಿದರೆ ಅದನ್ನು ಲೆಕ್ಕಿಸದ ಸೌಲಭ್ಯ ಅದು. ಓದದೆ ಎಂಟರ್ ಒತ್ತಿದ್ದಾಳೆ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್, ಅಲ್ಲಿ ಫಿಲ್ಟರ್ ಕೀಸ್ ಆಫ್. ಅಷ್ಟೇ. ಕೈ ನಡುಗುವವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ನಮ್ಮ ಅಜ್ಜ ಎಂದಾದರೂ ಟೈಪ್ ಮಾಡಲು ಕೂತರೆ ನಾನೇ ಆನ್ ಮಾಡಿಕೊಡುತ್ತೇನೆ.

ಇನ್ನೊಂದು ಎಚ್ಚರಿಕೆ. ಕೀಬೋರ್ಡಿನ ನಡುಭಾಗ ಉಬ್ಬಿದಂತೆ ಕಂಡರೆ, ಮುಚ್ಚಳ ಸಮನಾಗಿ ಕೂರದಿದ್ದರೆ, ಒಳಗೆ ಬ್ಯಾಟರಿ ಊದಿರಬಹುದು. ಆಗ ಒತ್ತಿ ನೋಡಬೇಡಿ, ಕೀ ಎಬ್ಬಿಸಬೇಡಿ. ಆಫ್ ಮಾಡಿ, ಚಾರ್ಜರ್ ಕಿತ್ತು, ಸರ್ವಿಸ್‌ನವರ ಹತ್ತಿರ ಕೊಂಡೊಯ್ಯಿರಿ. ಅದು ಬೆಂಕಿಯ ವಿಷಯ.

ಕೀ ಸರಿಯಾಯಿತು, ಆದರೆ 12 ಪುಟದ ತಪ್ಪು ಹಾಗೇ ಇತ್ತು. ಕರಣ ಎಂದಿರುವಲ್ಲೆಲ್ಲ ಕರ್ಣ ಮಾಡು ಎಂದು ಒಂದೇ ಏಟಿಗೆ ಬದಲಿಸಲು ಹೊರಟವಳು ಕೈ ತಡೆದೆ. ಅಜ್ಜನ ಕರ್ಣ ಕುಂತಿಯ ಮುಂದೆ ನಿಂತು ಅಂತಃಕರಣದ ಮಾತಾಡುತ್ತಾನೆ. ಒಂದೇ ಸಲ ಬದಲಿಸಿದ್ದರೆ ಅಲ್ಲೆಲ್ಲ ಅಂತಃಕರ್ಣ ಆಗುತ್ತಿತ್ತು. ಒಂದೊಂದನ್ನೇ ಹುಡುಕಿ, ಸಾಲು ಓದಿ, ತಿದ್ದಿದೆ. ಎರಡು ದಿನ ಹಿಡಿಯಿತು.

ತಿದ್ದಿದ ಪ್ರತಿಯನ್ನು ಅಜ್ಜ ಮೊನ್ನೆ ವಾಪಸು ಕಳಿಸಿದರು. ಏಳನೇ ಪುಟದಲ್ಲಿ ಒಂದೇ ಒಂದು ಕೆಂಪು ಚುಕ್ಕೆ. ಅಲ್ಲಿ ಇನ್ನೂ ಒಬ್ಬ ಕರಣ ಉಳಿದಿದ್ದ. ರ ಮತ್ತು ಣ ನಡುವೆ ಕರ್ಸರ್ ಇಟ್ಟು ಎಫ್ ಒತ್ತಿದೆ. ಣ ಪಕ್ಕದಲ್ಲಿ ಅರ್ಕಾವತ್ತು ಬಂದು ಕೂತಿತು.