ವಿಯೆಟ್ನಾಂ ಹುಡುಗ್ರ ಇಂಗ್ಲಿಷು, ಕೊಪ್ಪಳ ಹುಡುಗ್ರ ಇಂಗ್ಲಿಷು

ಕೊಪ್ಪಳದಾಗ ಡಿಗ್ರಿ ಹುಡುಗ್ರಿಗೆ ಸಂಜಿ ಹೊತ್ತು ಇಂಗ್ಲಿಷ್ ಹೇಳಿಕೊಡ್ತೀನಿ, ಹಂಗಾಗಿ ಬ್ಯಾರೆ ದೇಶದಾಗ ಹೆಂಗ ಕಲೀತಾರ ಅಂತ ಓದೋದು ನನಗ ಭಾಳ ಇಷ್ಟ, ಈಗ ವಿಯೆಟ್ನಾಂ ಬಗ್ಗೆ ಓದಾಕತ್ತೀನಿ. ಅವರ ಭಾಷಿಗೂ ರೋಮನ್ ಲಿಪಿನೇ, ಆದ್ರ ಅದರಿಂದ ಇಂಗ್ಲಿಷ್ ಮಾತಾಡೋದೇನು ಸುಲಭ ಆಗಿಲ್ಲ. ಅವರ ಮಾತಿನಾಗ ಪದದ ಕೊನೀಗೆ ಸ್, ಲ್ ಬರಂಗಿಲ್ಲ, ಎರಡು ಮೂರು ವ್ಯಂಜನ ಕೂಡಿ ಕೊನೀಗೆ ಬರೋದಂತೂ ಇಲ್ಲವೇ ಇಲ್ಲ, ಅದಕ್ಕ ಎಷ್ಟೋ ಹುಡುಗ್ರು ಇಂಗ್ಲಿಷ್ ಪದದ ಬಾಲ ನುಂಗಿಬಿಡ್ತಾರ, ರೈಸ್ ಅನ್ನೋದು ರೈ ಆಗ್ತೈತಿ. ನಮ್ಮದು ಉಲ್ಟಾ, ಬಸ್ಸು, ಕಾರು ಅಂತ ನಾವು ಬಾಲ ಹಚ್ತೀವಿ. ಇನ್ನ ಅವರ ಕ್ರಿಯಾಪದ ಕಾಲಕ್ಕ ತಕ್ಕಂಗ ರೂಪ ಬದಲಿಸಂಗಿಲ್ಲ, ಹಂಗಾಗಿ ಪಾಸ್ಟ್ ಟೆನ್ಸ್ ಕಷ್ಟ. ಕನ್ನಡದಾಗ ಮಾಡ್ತೀನಿ, ಮಾಡಿದೆ ಅಂತ ರೂಪ ಬದಲಾಗ್ತೈತಿ, ಅದಕ್ಕ ಇದ್ರಾಗ ಕನ್ನಡದ ಹುಡುಗ್ರಿಗೆ ಅನುಕೂಲ ಐತಿ.

ಅಲ್ಲಿ ಸರ್ಕಾರ 2008ರಾಗ ದೊಡ್ಡ ಯೋಜನೆ ತಂದ್ರು, ಇಂಗ್ಲಿಷ್ ಮೇಜರ್ ಅಲ್ಲದ ಪದವಿ ಹುಡುಗ್ರೂ ಬಿ1 ಮಟ್ಟ, ಅಂದ್ರ ಯುರೋಪಿನ ಭಾಷಾ ಅಳತಿಯ ಆರು ಮೆಟ್ಟಿಲಿನಾಗ ಮೂರನೇದ್ದು, ಮುಟ್ಟಬೇಕು ಅಂತ ಗುರಿ ಬಂತು. ಗುರಿ ಚಲೋ ಐತಿ. ಆದ್ರ ದೊಡ್ಡ ಕ್ಲಾಸು, ಪರೀಕ್ಷಾಕ್ಕಂತ ಗ್ರಾಮರ್ ಬಾಯಿಪಾಠ, ಮಾತಾಡಾಕ ಅಂಜಿಕಿ, ಎಲ್ಲಾ ನಮ್ಮಂಗ.

ನಾ ಮಾಡಿಸೋದು ಏನಂದ್ರ ಆಡಿಯೋ ಹಚ್ಚಿ ಅದರ ಬೆನ್ನಿಗೇ ಅನ್ನೋದು, ಫೋನಿನಾಗ ತಮ್ಮ ದನಿ ರೆಕಾರ್ಡ್ ಮಾಡಿ ಪದದ ಕೊನಿ ಅಷ್ಟೇ ಲಕ್ಷ ಕೊಟ್ಟು ಕೇಳೋದು. ಇದು ಅವರಿಗೂ ಸೈ, ನಮಗೂ ಸೈ. "ಸರ್, ತಪ್ಪಾದ್ರ ನಗ್ತಾರ್ರೀ" ಅಂತ ಒಬ್ಬಾಕಿ ಹುಡುಗಿ ಅಂದ್ಲು, ಅದಕ್ಕ ಮೊದಲು ಇಬ್ಬಿಬ್ಬರೇ ಕುಂತು ಮಾತಾಡ್ತಾರ, ಮಾತು ಮುಗಿಯೋತನಕ ಯಾರೂ ತಿದ್ದಂಗಿಲ್ಲ ಅಂತ ರೂಲ್ ಮಾಡೀನಿ.